ಅಜ್ಜಿ ಹೊಲಿದ ಕೌದಿ ಗೋಡೆಗೆ ಹಾಕ್ತೀರಾ? ಮೊಳೆ ಹೊಡೆಯೋ ಮುಂಚೆ ಇಷ್ಟು ಗೊತ್ತಿರಲಿ

ಹಾಸನ: ಮನೆಗೆ ಸುಣ್ಣಬಣ್ಣ ಮಾಡಿಸೋವಾಗ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತೆ. ಅದರ ತಳದಲ್ಲಿ ಒಂದು ಕೌದಿ. ಅಜ್ಜಿ ಹೊಲಿದದ್ದು. ಒಂದು ತುಂಡು ಅಜ್ಜಿ ಸೀರೆದು, ಇನ್ನೊಂದು ತಾತನ ಪಂಚೆದು, ಮತ್ತೊಂದು ಯಾರದ್ದೋ ಲಂಗದ್ದು. ಹಾಸ್ಕೊಳ್ಳೋಕೆ ಈಗ ಫೋಮ್ ಹಾಸಿಗೆ ಇದೆ, ಹೊದ್ಕೊಳ್ಳೋಕೆ ಅಂಗಡಿ ರಗ್ಗು ಇದೆ. ಹಾಗಾಗಿ ಕೌದಿಗೆ ಮೂರು ದಾರಿ ಉಳಿದಿದೆ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡೋರ ಮೂಟೆಗೆ ಹೋಗೋದು, ನಾಯಿ ಮಲಗೋ ಜಾಗಕ್ಕೆ ಬೀಳೋದು, ಇಲ್ಲಾ ಹೊಸ ಮನೆ ಹಾಲ್‌ನ ಗೋಡೆ ಏರೋದು.

ಮೂರನೇದು ಒಳ್ಳೆ ಯೋಚನೆ. ಆದ್ರೆ ಮೊದಲೆರಡರ ಹಾಗೇ ಅದೂ ಕೌದಿಯನ್ನ ಹಾಳು ಮಾಡಬಹುದು. ಮೇಲಿನ ಎರಡು ಮೂಲೆಗೆ ಎರಡು ಮೊಳೆ ಹೊಡೆದು ನೇತುಹಾಕಿದ್ರೆ ಇಡೀ ಕೌದಿಯ ಭಾರ ಆ ಎರಡು ತೂತಿನ ಮೇಲೆ ನಿಲ್ಲುತ್ತೆ. ಒಂದು ಡಬಲ್ ಕೌದಿ ಎರಡು ಮೂರು ಕೆಜಿ ತೂಗೋದು ಸಾಮಾನ್ಯ. ಮೂವತ್ತು ನಲವತ್ತು ವರ್ಷದ ಹತ್ತಿ ಸೀರೆಗೆ ಅದನ್ನ ತಡೆಯೋ ಶಕ್ತಿ ಇರಲ್ಲ. ಮೊದಲು ಮೂಲೆ ಹರಿಯುತ್ತೆ, ಆಮೇಲೆ ನಡುಭಾಗ ಜೋತು ಬಿದ್ದು ಹೊಲಿಗೆ ಸಾಲು ಬಿಡುತ್ತೆ. ಭಾರ ಎಲ್ಲೋ ಎರಡು ಕಡೆ ಬೀಳದೆ ಮೇಲಿನ ಅಂಚಿನ ಉದ್ದಕ್ಕೂ ಹರಡಬೇಕು. ಗೋಡೆಗೆ ಕೌದಿ ಹಾಕೋದ್ರಲ್ಲಿ ಇರೋ ಗುಟ್ಟು ಹೆಚ್ಚುಕಮ್ಮಿ ಇಷ್ಟೇ.

ಗೋಡೆಗೆ ಬಂದಿದ್ದು ಹೇಗೆ

ಕೌದಿ ನಮ್ಮಲ್ಲಿ ಹೊಸದಲ್ಲ. ಅದಕ್ಕೆ ಇರೋ ಇನ್ನೊಂದು ಹಳೇ ಹೆಸರು ಬೊಂತೆ. 12ನೇ ಶತಮಾನದ ಶರಣೆ ಬೊಂತಾದೇವಿಯ ಹೆಸರಲ್ಲಿ ಇರೋದೂ ಅದೇ ಬೊಂತೆ. ಹಳೇ ಸೀರೆ, ಪಂಚೆಗಳನ್ನ ಪದರ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಎಲ್ಲಾ ಪದರನೂ ಹಿಡಿಯೋ ಹಾಗೆ ಸಾದಾ ಹೊಲಿಗೆ ಸಾಲು ಹಾಕೋದು. ಒಳಗೆ ಹತ್ತಿ ತುಂಬಲ್ಲ, ರಜಾಯಿಗೂ ಕೌದಿಗೂ ಇದೇ ವ್ಯತ್ಯಾಸ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ ಎಲ್ಲಾ ಇದರ ಅಕ್ಕತಂಗಿಯರು. ಉತ್ತರ ಕರ್ನಾಟಕದಲ್ಲಂತೂ ಮದುವೆ, ಬಾಣಂತನಕ್ಕೆ ಕೌದಿ ಕೊಡೋದು ಇವತ್ತಿಗೂ ಇದೆ.

ಆದ್ರೆ ಇದನ್ನ ಚಿತ್ರಪಟದ ಹಾಗೆ ಗೋಡೆಗೆ ಹಾಕಿ ದೂರ ನಿಂತು ನೋಡೋ ರೂಢಿ ಬಂದಿದ್ದು ಹೊರಗಡೆಯಿಂದ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಜೊನಾಥನ್ ಹೋಲ್ಸ್ಟೀನ್, ಗೇಲ್ ವ್ಯಾನ್ ಡರ್ ಹೂಫ್ ಅನ್ನೋ ಇಬ್ಬರು ತಾವು ಕೂಡಿಸಿದ್ದ ಅಮೆರಿಕದ ಹಳೇ ಕ್ವಿಲ್ಟ್‌ಗಳನ್ನ ಪೇಂಟಿಂಗ್ ತರ ಗೋಡೆಗೆ ತೂಗಿಸಿ ಪ್ರದರ್ಶನ ಮಾಡಿದ್ರು. ಹಾಸಿಗೆ ಮೇಲೆ ಬಿದ್ದಿದ್ದ ಬಟ್ಟೆಗೆ ಕಲೆ ಅನ್ನೋ ಪಟ್ಟ ಸಿಕ್ಕಿದ್ದು ಅಲ್ಲಿಂದ. ಆಮೇಲೆ 2002ರಲ್ಲಿ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಅನ್ನೋ ಹಳ್ಳಿಯ ಕಪ್ಪು ಹೆಣ್ಣುಮಕ್ಕಳ ಕ್ವಿಲ್ಟ್‌ಗಳು ಹ್ಯೂಸ್ಟನ್‌ನ ಮ್ಯೂಸಿಯಂ ಸೇರಿದವು. ಹೊಲದಲ್ಲಿ ಹಾಕಿ ಸವೆದ ಪ್ಯಾಂಟು, ಶರ್ಟಿನ ತುಂಡಲ್ಲಿ ಹೊಲಿದವು ಅವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಮೇಲೆ ಅಂಚೆಚೀಟಿ ಕೂಡ ತಂತು.

ಅಷ್ಟು ದೂರ ಹೋಗೋದೂ ಬೇಡ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯೋ ಕೌದಿಗೆ ಕವಂದಿ ಅಂತಾರೆ. ಅವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರು ಅಂಚಿನಿಂದ ಹೊಲಿಗೆ ಶುರು ಮಾಡಿ ಸುತ್ತ ಸುತ್ತ ನಡುವಿಗೆ ಬಂದು ಮುಗಿಸ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಹೂವು ಇಡ್ತಾರೆ. ಅದಿಲ್ಲದ ಕವಂದಿ ಅವರ ಪ್ರಕಾರ ಬೆತ್ತಲೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಪ್ರಯತ್ನದಿಂದ ಆ ಕವಂದಿಗಳು ನ್ಯೂಯಾರ್ಕಿನ ಶಾಂಬರ್ಗ್ ಸೆಂಟರ್ ಗೋಡೆವರೆಗೂ ಹೋಗಿ ಬಂದಿವೆ.

ನಮ್ಮ ಹಳೇ ಮನೆಗಳಲ್ಲೂ ಕೌದಿ ನೇತಾಡ್ತಿತ್ತು ಅನ್ನೋದನ್ನ ಮರೀಬಾರದು. ತೊಲೆಗೆ ಹಗ್ಗ ಕಟ್ಟಿ ಬಿದಿರು ಗಳ ತೂಗಿಬಿಟ್ಟು, ಬೆಳಗ್ಗೆ ಎದ್ದಮೇಲೆ ಕೌದಿ, ಕಂಬಳಿ ಎಲ್ಲಾ ಅದರ ಮೇಲೆ ಎಸೀತಿದ್ರು. ನೋಡೋಕಲ್ಲ, ಇಲಿ ಮುಟ್ಟದೇ ಇರಲಿ ಅಂತ, ಗಾಳಿ ಆಡಲಿ ಅಂತ. ಆ ಗಳದಲ್ಲಿ ಮ್ಯೂಸಿಯಂನೋರು ಹೇಳೋ ಅರ್ಧ ಬುದ್ಧಿ ಇತ್ತು.

ಮೊದಲು ಕೌದಿಯ ಆರೋಗ್ಯ ನೋಡಿ

ಎಲ್ಲಾ ಕೌದಿನೂ ಗೋಡೆಗೆ ಹೋಗೋಕೆ ಆಗಲ್ಲ. ಚಾಪೆ ಮೇಲೆ ಹರಡಿ, ಬೆಳಕಲ್ಲಿ ಒಂದೊಂದೇ ತುಂಡು ಬೆರಳಿಂದ ಮುಟ್ಟಿ ನೋಡಿ. ಬಟ್ಟೆ ಮುಟ್ಟಿದ ಕಡೆ ಪುಡಿ ಆಗ್ತಿದ್ರೆ, ರೇಷ್ಮೆ ತುಂಡು ಸೀಳು ಸೀಳು ಬಿಟ್ಟಿದ್ರೆ ಅದನ್ನ ತೂಗಿಸೋ ಆಸೆ ಬಿಡಿ, ಮಲಗಿಸಿಯೇ ಇಡಿ. ಹೊಲಿಗೆ ಸಾಲು ಒತ್ತೊತ್ತಾಗಿ, ಗಟ್ಟಿ ಇದ್ರೆ ಕೌದಿ ತನ್ನ ಭಾರ ತಾನೇ ಹೊರುತ್ತೆ. ಸಾಲುಗಳ ಮಧ್ಯೆ ನಾಲ್ಕು ಬೆರಳು ಜಾಗ ಇರೋ ಕೌದಿ ಬೇಗ ಜೋಲು ಬೀಳುತ್ತೆ. ಬಿಟ್ಟುಹೋದ ಹೊಲಿಗೆಯನ್ನ ಹತ್ತಿ ನೂಲಿನಲ್ಲೇ ಹಾಕಿಸಿ. ನೈಲಾನ್ ದಾರ ಗಟ್ಟಿ ಅಂತ ಹಾಕಿದ್ರೆ ಅದು ಹಳೇ ಹತ್ತಿ ಬಟ್ಟೆಯನ್ನ ಕೊಯ್ಯುತ್ತೆ.

ಒಗೆಯೋ ವಿಚಾರ. ಹೊಳೆನರಸೀಪುರದಲ್ಲಿ ಹೇಮಾವತಿ ಹೊಳೆ ಕಲ್ಲಿನ ಮೇಲೆ ಬಡಿದು ಒಗೆದ ಕಾಲದ ಕೌದಿ ಇದು, ಏನೂ ಆಗಲ್ಲ ಅಂತ ಮನೇಲಿ ಹೇಳ್ತಾರೆ. ಆಗ ಬಟ್ಟೆಗೆ ವಯಸ್ಸಾಗಿರಲಿಲ್ಲ. ಈಗ ವಾಷಿಂಗ್ ಮಷೀನಿಗೆ ಹಾಕಿದ್ರೆ ಚಿಂದಿ ಆಗಿ ಹೊರಗೆ ಬರೋದೇ ಹೆಚ್ಚು. ಧೂಳು ಮಾತ್ರ ಇದ್ರೆ ಸೊಳ್ಳೆ ಪರದೆ ಬಟ್ಟೆ ಮೇಲೆ ಹಾಸಿ, ಅದರ ಮೇಲಿಂದ ವ್ಯಾಕ್ಯೂಮ್ ಕ್ಲೀನರ್ ಕಮ್ಮಿ ವೇಗದಲ್ಲಿ ಆಡಿಸಿ. ಒಗೆಯಲೇಬೇಕು ಅಂದ್ರೆ ಒದ್ದೆ ಬಿಳಿ ಬಟ್ಟೆಯನ್ನ ಪ್ರತಿ ಬಣ್ಣದ ಮೇಲೂ ಒತ್ತಿ ಹಿಡಿದು ನೋಡಿ. ಬಿಳಿ ಬಟ್ಟೆಗೆ ಕೆಂಪು, ನೀಲಿ ಹತ್ತಿದ್ರೆ ನೀರಿಗೆ ಇಳಿಸಬೇಡಿ. ಒಗೆದರೂ ಹಿಂಡಬೇಡಿ, ತಂತಿ ಮೇಲೆ ಹಾಕಬೇಡಿ. ನೀರು ಕುಡಿದ ಕೌದಿ ಎಷ್ಟು ಭಾರ ಆಗುತ್ತೆ ಅಂತ ಎತ್ತಿದೋರಿಗೆ ಗೊತ್ತು. ನೆರಳಲ್ಲಿ ಮಂಚದ ಮೇಲೆ ಹರಡಿ ಒಣಗಿಸಿ.

ಲಾಡಿ ಪಟ್ಟಿ ವಿಧಾನ

ಲಂಗಕ್ಕೆ ಲಾಡಿ ತೂರಿಸೋಕೆ ಒಂದು ಪಟ್ಟಿ ಹೊಲೀತಾರಲ್ಲ, ಅದೇ ಲೆಕ್ಕ. ಕೌದಿಯ ಹಿಂಬದಿ ಮೇಲಿನ ಅಂಚಿಗೆ ಒಂದು ಕೊಳವೆ ತರದ ಪಟ್ಟಿ ಹೊಲಿದು, ಅದರೊಳಗೆ ಪೈಪ್ ತೂರಿಸಿ, ಪೈಪನ್ನ ಗೋಡೆಯ ಬ್ರಾಕೆಟ್ ಮೇಲೆ ಕೂರಿಸೋದು. ಮ್ಯೂಸಿಯಂಗಳಲ್ಲೂ ಬಳಸೋ ವಿಧಾನ ಇದು. ನಮ್ಮೂರಿನ ಯಾವ ಟೈಲರ್ ಬೇಕಾದ್ರೂ ಅರ್ಧ ದಿನದಲ್ಲಿ ಮಾಡಿಕೊಡಬಲ್ಲರು, ಆದ್ರೆ ಅಳತೆ ನೀವು ಹೇಳಬೇಕು.

ಕೌದಿ 5 ಅಡಿ ಅಗಲ ಅಂತ ಇಟ್ಕೊಳ್ಳಿ. 60 ಇಂಚು ಉದ್ದ, 9 ಇಂಚು ಅಗಲದ ಕೋರಾ ಬಟ್ಟೆ ತಗೊಳ್ಳಿ, ಮೊದಲು ಒಂದ್ಸಲ ಒಗೆದು ಗಂಜಿ ತೆಗೀರಿ. ಎರಡು ತುದಿಯನ್ನೂ ಒಂದೊಂದು ಇಂಚು ಮಡಚಿ ಹೊಲೀರಿ, 58 ಇಂಚು ಉಳಿಯುತ್ತೆ. ಉದ್ದಕ್ಕೆ ಮಡಚಿ ಅಂಚು ಸೇರಿಸಿ ಮಷೀನ್ ಹೊಲಿಗೆ ಹಾಕಿದ್ರೆ ನಾಲ್ಕು ಇಂಚು ಚಿಲ್ಲರೆ ಅಗಲದ ಕೊಳವೆ ಸಿಗುತ್ತೆ. ಇಲ್ಲಿವರೆಗೆ ಮಷೀನ್ ಸಾಕು. ಕೌದಿಗೆ ಜೋಡಿಸೋದು ಮಾತ್ರ ಕೈಯಲ್ಲೇ.

ಕೌದಿ ಬೋರಲು ಹಾಕಿ, ಮೇಲಂಚಿನಿಂದ ಒಂದು ಇಂಚು ಕೆಳಗೆ ಕೊಳವೆ ಇಟ್ಟು ಮೊದಲು ಮೇಲಿನ ಸಾಲು ಹೊಲೀರಿ. ಕೆಳಗಿನ ಸಾಲು ಹೊಲಿಯೋ ಮುಂಚೆ ಕೊಳವೆಯ ಹೊರಮೈಯನ್ನ ಅರ್ಧ ಇಂಚು ಮೇಲಕ್ಕೆ ತಳ್ಳಿ ಸ್ವಲ್ಪ ಉಬ್ಬು ಬಿಡಿ. ಹೀಗೆ ಮಾಡಿದ್ರೆ ಪೈಪಿನ ಗುಂಡಗಿನ ಆಕಾರ ಹಿಂದಕ್ಕೆ ಹೋಗುತ್ತೆ, ಮುಂದಿನಿಂದ ಕೌದಿ ಸಪಾಟಾಗಿ ಕಾಣುತ್ತೆ. ಬಹಳ ಜನ ಈ ಉಬ್ಬು ಬಿಡೋದನ್ನ ಮರೀತಾರೆ, ಆಮೇಲೆ ಮೇಲ್ಗಡೆ ಹಾವು ಮಲಗಿದ ಹಾಗೆ ಗೆರೆ ಬರುತ್ತೆ. ಹೊಲಿಯೋವಾಗ ಸೂಜಿ ಹಿಂದಿನ ಒಂದೇ ಪದರ ಹಿಡಿದ್ರೆ ಸಾಲದು, ಆ ಪದರವೇ ಕಿತ್ತು ಬರುತ್ತೆ. ಒಳಗಿನ ಪದರಗಳನ್ನೂ ಹಿಡೀಬೇಕು. ಮುಂದುಗಡೆ ಅಕ್ಕಿಕಾಳಿನಷ್ಟು ಹೊಲಿಗೆ ಕಂಡರೆ ನಷ್ಟ ಏನಿಲ್ಲ, ಕೌದಿ ಅಂದ್ರೇ ಹೊಲಿಗೆ.

ಪೈಪ್ ಅಲ್ಯೂಮಿನಿಯಂದಾದ್ರೆ ಒಳ್ಳೇದು. ಕಬ್ಬಿಣದ್ದು ಮಳೆಗಾಲದಲ್ಲಿ ತುಕ್ಕು ಹಿಡಿದ್ರೆ ಆ ಕಲೆ ಹೋಗಲ್ಲ. ಬಿದಿರು ಚೆನ್ನಾಗಿ ಕಾಣುತ್ತೆ ನಿಜ, ಆದ್ರೆ ಹುಳ ಹೊಡೆದು ಪುಡಿ ಉದುರಿಸುತ್ತೆ. ಬಿದಿರೇ ಬೇಕು ಅಂದ್ರೆ ಒಗೆದ ಹಳೇ ಪಂಚೆ ಬಟ್ಟೆ ಸುತ್ತಿ ತೂರಿಸಿ. ಪೈಪ್ ಕೌದಿಯ ಅಗಲಕ್ಕಿಂತ ಅರ್ಧ ಇಂಚು ಕಮ್ಮಿ ಇದ್ರೆ ತುದಿ ಕಾಣಲ್ಲ. ಕೌದಿ 6 ಅಡಿಗಿಂತ ಅಗಲ ಇದ್ರೆ ಪೈಪ್ ನಡುವೆ ಬಾಗುತ್ತೆ. ಆಗ ಪಟ್ಟಿಯನ್ನ ಎರಡು ತುಂಡು ಮಾಡಿ ಮಧ್ಯೆ ಮೂರು ಇಂಚು ಬಿಟ್ಟು, ಅಲ್ಲೊಂದು ಬ್ರಾಕೆಟ್ ಕೊಡಿ. ಹಾರ್ಡ್‌ವೇರ್ ಅಂಗಡೀಲಿ ಕರ್ಟನ್ ಬ್ರಾಕೆಟ್ ಅಂದ್ರೆ ಸಾಕು. ಗೋಡೆಯಿಂದ ಒಂದೂವರೆ ಎರಡು ಇಂಚು ಮುಂದೆ ನಿಲ್ಲೋದನ್ನ ಕೇಳಿ, ಹಿಂದೆ ಗಾಳಿ ಆಡಬೇಕು. ಹಳೇ ಮಣ್ಣಿನ ಗೋಡೆ ಆದ್ರೆ ಸ್ಕ್ರೂ ಹಿಡಿಯಲ್ಲ, ಬಾಗಿಲ ಚೌಕಟ್ಟಿಗೋ ತೊಲೆಗೋ ಹಗ್ಗ ಕಟ್ಟಿ ಗಳ ತೂಗಿಬಿಡೋದೇ ವಾಸಿ.

ವೆಲ್‌ಕ್ರೋ ಇನ್ನೊಂದು ದಾರಿ. ಮೆತ್ತನೆ ಬದಿಯನ್ನ ಅಗಲದ ಹತ್ತಿ ಪಟ್ಟಿಗೆ ಮಷೀನಲ್ಲಿ ಹೊಲಿದು, ಆ ಪಟ್ಟಿಯನ್ನ ಕೌದಿ ಹಿಂದೆ ಕೈಯಲ್ಲಿ ಹೊಲೀಬೇಕು. ಮುಳ್ಳಿನ ಬದಿಯನ್ನ ವಾರ್ನಿಷ್ ಹೊಡೆದು ಚೆನ್ನಾಗಿ ಒಣಗಿಸಿದ ಮರದ ರೀಪರ್‌ಗೆ ಸ್ಟೇಪಲ್ ಹೊಡೆದು, ರೀಪರನ್ನ ಗೋಡೆಗೆ ಸ್ಕ್ರೂ ಮಾಡಬೇಕು. ಅಂಚು ಡೊಂಕಾಗಿರೋ ಕೌದಿಗೆ ಇದು ಪೈಪಿಗಿಂತ ಚೆನ್ನಾಗಿ ಹೊಂದುತ್ತೆ. ಗಮ್ ಇರೋ ವೆಲ್‌ಕ್ರೋ ಮಾತ್ರ ತರಬೇಡಿ.

ಬಾಡಿಗೆ ಮನೆ, ಓನರ್ ಡ್ರಿಲ್ ಮಾಡೋಕೆ ಬಿಡಲ್ಲ ಅನ್ನೋರು ಹಳೇ ಗಳದ ಲೆಕ್ಕವನ್ನೇ ಹಿಡೀಬಹುದು. ಮರದ ಏಣಿಯೋ, ಬಟ್ಟೆ ಒಣಗಿಸೋ ಸ್ಟ್ಯಾಂಡೋ ಗೋಡೆಗೆ ಒರಗಿಸಿ, ದಪ್ಪ ಬಟ್ಟೆ ಸುತ್ತಿ, ಕೌದಿಯನ್ನ ನಡುವಿಗೆ ಮಡಚಿ ಮೇಲೆ ಹಾಕೋದು. ಅರ್ಧ ಮಾತ್ರ ಕಾಣುತ್ತೆ, ಆದ್ರೆ ಒಂದು ತೂತೂ ಬೀಳಲ್ಲ. ತಿಂಗಳಿಗೊಮ್ಮೆ ಮಡಿಕೆ ಜಾಗ ಬದಲಾಯಿಸಿ.

ಫ್ರೇಮ್ ಅಂಗಡಿಯವರಿಗೆ ಒಂದು ಮಾತು

ಕೌದಿ ತುಂಡನ್ನ ಪ್ಲೈವುಡ್‌ಗೆ ಗಮ್ ಹಾಕಿ ಅಂಟಿಸಿ, ಮೇಲೆ ಗಾಜು ಒತ್ತಿ ಫ್ರೇಮ್ ಕಟ್ಟಿದ್ರೆ ಆ ದಿನಕ್ಕೆ ಚೆಂದ. ಅಂಟು ಬಟ್ಟೆಯೊಳಗೆ ಇಳಿದು ವರ್ಷ ಕಳೆದಂತೆ ಹಳದಿ ಆಗುತ್ತೆ, ಮತ್ತೆ ಬಿಡಿಸೋಕೆ ಆಗಲ್ಲ. ಗಾಜು ಬಟ್ಟೆಗೆ ತಾಗಿದ್ರೆ ಒಳಗೆ ಬೆವರಿದಂಗೆ ನೀರು ನಿಂತು ಬೂಷ್ಟು ಬರುತ್ತೆ. ಗಿರಾಕಿ ಕೇಳಿದ್ರೂ ಅಂಟಿಸಬೇಡಿ. ಬೋರ್ಡಿಗೆ ಒಗೆದ ಹತ್ತಿ ಬಟ್ಟೆ ಎಳೆದು ಕಟ್ಟಿ, ಕೌದಿ ತುಂಡನ್ನ ಅದಕ್ಕೆ ಸೂಜಿಯಲ್ಲಿ ಹೊಲಿದು, ಗಾಜಿಗೂ ಬಟ್ಟೆಗೂ ಮಧ್ಯೆ ಅರ್ಧ ಇಂಚು ಪಟ್ಟಿ ಕೊಡಿ. ನೂರಿನ್ನೂರು ಜಾಸ್ತಿ ಕೇಳಿದ್ರೂ ಕಾರಣ ಹೇಳಿದ್ರೆ ಜನ ಕೊಡ್ತಾರೆ.

ಬಿ.ಎಂ. ರಸ್ತೆ ಬದಿಯಲ್ಲಿ ಹಾಸಿಗೆ, ರಗ್ಗು ಮಾರೋರು ಬಾಗಿಲಿಗೆ ಕ್ಲಿಪ್ ಹಾಕಿ ತೂಗಿಸ್ತೀರಲ್ಲ, ಅದು ಹೊಸ ಮಾಲಿಗೆ ನಡೆಯುತ್ತೆ. ಕೈಯಲ್ಲಿ ಹೊಲಿದ ಕೌದಿ ಮಾರಾಟಕ್ಕೆ ಇಟ್ಟಿದ್ರೆ ಒಳಗೆ ಒಂದನ್ನ ಮಾತ್ರ ಗಳಕ್ಕೆ ಹಾಕಿ, ಉಳಿದದ್ದು ಸುತ್ತಿ ಇಡಿ. ಬಿಸಿಲಿಗೆ ಒಂದು ಪಕ್ಕ ಬಣ್ಣ ಹೋದ ಕೌದಿಗೆ ಅರ್ಧ ಬೆಲೆನೂ ಹುಟ್ಟಲ್ಲ.

ಯಾವ ಗೋಡೆ?

ಬಿಸಿಲು ಬೀಳೋ ಗೋಡೆ ಬೇಡ. ಬೆಳಕಿಗೆ ಹೋದ ಬಣ್ಣ ಯಾವ ಡ್ರೈಕ್ಲೀನರ್ ಹತ್ರ ಹೋದರೂ ವಾಪಸ್ ಬರಲ್ಲ. ಮ್ಯೂಸಿಯಂಗಳು ಬಟ್ಟೆ ಇಡೋ ಕೋಣೆಯ ಬೆಳಕನ್ನ 50 ಲಕ್ಸ್ ಸುಮಾರಿಗೆ ಇಳಿಸಿಡ್ತವೆ. ಸಂಜೆ ಮಂಕು ದೀಪದ ಹಾಗೆ ಅಂತ ಲೆಕ್ಕ. ನಮ್ಮ ಹಾಲ್‌ನ ಕಿಟಕಿ ಪಕ್ಕ ಮಧ್ಯಾಹ್ನ ಅದರ ಎಷ್ಟೋ ಪಟ್ಟು ಬೆಳಕು ಇರುತ್ತೆ. ಮನೇಲಿ ಅಷ್ಟು ಕತ್ತಲೆ ಮಾಡೋಕೆ ಆಗಲ್ಲ ಬಿಡಿ. ಪಶ್ಚಿಮದ ಕಿಟಕಿಯ ಎದುರು ಗೋಡೆ ತಪ್ಪಿಸಿ, ಯಾರೂ ಇಲ್ಲದಾಗ ಪರದೆ ಎಳೆಯಿರಿ, ಅಷ್ಟಾದ್ರೂ ಸಾಕು.

ಥಂಡಿ ಇನ್ನೊಂದು ಶತ್ರು. ಚನ್ನರಾಯಪಟ್ಟಣದ ಬಯಲುಸೀಮೆ ಕಡೆ ಥಂಡಿಗಿಂತ ಧೂಳಿನ ಕಾಟ ಜಾಸ್ತಿ. ಅರಕಲಗೂಡಿನ ಪಶ್ಚಿಮ ಭಾಗ, ಅಲ್ಲಿಂದ ಸಕಲೇಶಪುರದ ಕಡೆಗೆ ಹೋದಂಗೆಲ್ಲ ಮುಂಗಾರಲ್ಲಿ ಹೊರಗೋಡೆ ಒಳಗೂ ಬೆವರುತ್ತೆ. ಕೌದಿ ಒಳಗೋಡೆಗೆ ಹಾಕಿ. ಹೋಂಸ್ಟೇ ನಡೆಸೋರು ಜೂನ್ ಬರೋ ಮುಂಚೆ ಇಳಿಸಿ ಒಳಗಿಟ್ಟು, ದಸರಾ ಆದಮೇಲೆ ಮತ್ತೆ ಹಾಕೋದು ಕ್ಷೇಮ. ಸುಣ್ಣದ ಗೋಡೆಗೆ ನೇರವಾಗಿ ತಾಗಿಸಬೇಡಿ, ಸುಣ್ಣದ ಪುಡಿ ಬಟ್ಟೆಗೆ, ಅದರಲ್ಲೂ ರೇಷ್ಮೆಗೆ ಆಗಿಬರಲ್ಲ.

ಇನ್ನು ಬೆಂಕಿ. ದೇವರ ಮನೆ ಪಕ್ಕದ ಗೋಡೆ, ದೀಪ ಹಚ್ಚೋ ಗೂಡಿನ ಮೇಲೆ, ಸ್ವಿಚ್ ಬೋರ್ಡ್ ಮುಚ್ಚೋ ಹಾಗೆ ಯಾವತ್ತೂ ಬೇಡ. ಹತ್ತಿ ಬಟ್ಟೆ ಕೆಳಗಿಂದ ಹತ್ತಿಕೊಂಡ್ರೆ ಮೇಲಕ್ಕೆ ಓಡುತ್ತೆ. ಪಾಲಿಸ್ಟರ್ ಸೀರೆ ತುಂಡಾದ್ರೆ ಕರಗಿ ತೊಟ್ಟಿಕ್ಕುತ್ತೆ. ಊದುಬತ್ತಿ ಹೊಗೆ, ಒಗ್ಗರಣೆ ಎಣ್ಣೆ ಆವಿ ಎರಡೂ ಬಟ್ಟೆಗೆ ಅಂಟು ಜಿಡ್ಡು ಕೂರಿಸ್ತವೆ.

ವರ್ಷಪೂರ್ತಿ ಒಂದೇ ಕೌದಿ ಗೋಡೆ ಮೇಲೆ ಇರೋದು ಬೇಡ. ಮೂರು ನಾಲ್ಕು ತಿಂಗಳು ಹಾಕಿ, ಅಷ್ಟೇ ಕಾಲ ಇಳಿಸಿ ಇಡಿ. ಇಳಿಸಿದಾಗ ಮಡಚೋದಕ್ಕಿಂತ ಚಾಪೆ ಸುತ್ತಿದ ಹಾಗೆ ಸುತ್ತಿ, ಒಗೆದ ಹಳೇ ಬೆಡ್‌ಶೀಟ್ ಹೊದಿಸಿ. ಪಾಲಿಥಿನ್ ಕವರ್ ಬೇಡ, ಒಳಗೆ ಥಂಡಿ ಸಿಕ್ಕಿಹಾಕ್ಕೊಳ್ಳುತ್ತೆ. ನುಸಿಗುಳಿಗೆ ಬಟ್ಟೆಗೆ ನೇರ ತಾಗಬಾರದು, ಬೇವಿನ ಸೊಪ್ಪಾದ್ರೆ ಒಣಗಿಸಿ ಚೀಲದಲ್ಲಿ ಕಟ್ಟಿಡಿ, ಇಲ್ಲಾಂದ್ರೆ ಹಸಿರು ಕಲೆ. ಅಟ್ಟದಲ್ಲಿ ಇಡೋದಾದ್ರೆ ಇಲಿ, ಗೆದ್ದಲು ಎರಡಕ್ಕೂ ತಗಡಿನ ಟ್ರಂಕೇ ಉತ್ತರ. ಉಣ್ಣೆ ಕಂಬಳಿಯನ್ನ ಅದೇ ಟ್ರಂಕಿಗೆ ಹಾಕಬೇಡಿ, ಉಣ್ಣೆ ತಿನ್ನೋ ಹುಳ ಅದರ ಜೊತೆ ಬರುತ್ತೆ.

ಮನೆಯೊಳಗಿನ ತಕರಾರು

ತಾಂತ್ರಿಕ ವಿಷಯ ಇಷ್ಟು. ನಿಜವಾದ ಜಗಳ ಬೇರೆ ಕಡೆ ಇರುತ್ತೆ. ತೀರಿಹೋದೋರ ಸೀರೆ ಇರೋ ಕೌದಿನ ಹಾಲ್‌ನಲ್ಲಿ ತೂಗಿಸ್ತೀಯಾ ಅಂತ ದೊಡ್ಡಮ್ಮ ಕೇಳ್ತಾರೆ. ಸಾಯೋವರೆಗೆ ಹೊದ್ದಿದ್ದು, ಹಾಕಬಾರದು ಅನ್ನೋರೂ ಇದಾರೆ, ಅವರ ಫೋಟೋಗಿಂತ ಇದೇ ಮೇಲು ಅನ್ನೋರೂ ಇದಾರೆ. ಇದಕ್ಕೆ ಬೇರೆಯೋರು ತೀರ್ಪು ಕೊಡೋಕೆ ಆಗಲ್ಲ. ಆದ್ರೆ ಮೊಳೆ ಹೊಡೆಯೋ ಮುಂಚೆ ಮನೆಯ ಹಿರಿಯರನ್ನ ಒಂದು ಮಾತು ಕೇಳಿ, ಅದಕ್ಕೇನು ದುಡ್ಡು ಖರ್ಚಿಲ್ಲ.

ಇನ್ನೊಂದು, ಪಾಲು. ನಾಲ್ಕು ಜನ ಮಕ್ಕಳು, ಒಂದು ಕೌದಿ. ಕತ್ತರಿಸಿ ನಾಲ್ಕು ದಿಂಬಿನ ಕವರ್ ಮಾಡ್ಸೋಣ ಅಂತ ಯಾರಾದ್ರೂ ಹೇಳ್ತಾರೆ. ನನ್ನ ಅಭಿಪ್ರಾಯ ಕೇಳಿದ್ರೆ ಕತ್ತರಿ ಹಾಕಲೇಬೇಡಿ. ಒಂದು ಸಾಲು ಹೊಲಿಗೆ ಕತ್ತರಿಸಿದ್ರೆ ಎಲ್ಲಾ ಪದರಗಳ ಹಿಡಿತ ಅಲ್ಲಿಂದ ಬಿಚ್ಚಿಕೊಳ್ಳೋಕೆ ಶುರುವಾಗುತ್ತೆ. ವರ್ಷಕ್ಕೊಬ್ಬರ ಮನೇಲಿ ಇರಲಿ. ಇಳಿಸಿ ಇಡೋ ಕಾಲನೂ ಅದರಲ್ಲೇ ಸೇರಿಕೊಳ್ಳುತ್ತೆ.

ಹೊಸದು ಹೊಲಿಸೋರು ಕೂಲಿ ವಿಚಾರದಲ್ಲಿ ಚೌಕಾಶಿ ಕಮ್ಮಿ ಮಾಡಿ. ಡಬಲ್ ಕೌದಿಗೆ ಕೈಹೊಲಿಗೆ ವಾರಗಟ್ಟಲೆ ಕೆಲಸ, ಕಣ್ಣು, ಬೆನ್ನು ಎರಡೂ ಸವೆಯುತ್ತೆ. ಬಟ್ಟೆ ನಮ್ಮದೇ ಅಲ್ವಾ ಅನ್ನೋ ಮಾತಲ್ಲಿ ಆ ದಿನಗಳ ಲೆಕ್ಕ ಇರಲ್ಲ. ಗೋಡೆಗೇ ಅಂತ ಹೊಲಿಸೋದಾದ್ರೆ ಮೊದಲೇ ಹೇಳಿ, ಲಾಡಿ ಪಟ್ಟಿಯನ್ನ ಅವರೇ ಹಿಂದೆ ಸೇರಿಸಿ ಕೊಡ್ತಾರೆ, ಸಾಲು ಇನ್ನಷ್ಟು ಒತ್ತಾಗಿ ಹಾಕ್ತಾರೆ.

ಹಳೇದಾಗಲಿ ಹೊಸದಾಗಲಿ, ಹಿಂಬದಿಯ ಕೆಳಮೂಲೆಗೆ ಅಂಗೈಯಗಲದ ಬಿಳಿ ಹತ್ತಿ ಬಟ್ಟೆ ಹೊಲಿದು ಅದರಲ್ಲಿ ಹೊಲಿದವರ ಹೆಸರು, ಊರು, ಯಾವ ವರ್ಷ, ಯಾರ ಯಾರ ಬಟ್ಟೆ ಅಂತ ದಾರದಲ್ಲೇ ಬರೆಸಿ. ಪೆನ್ನಿನ ಇಂಕು ಒಂದು ಥಂಡಿಗೆ ಹರಡಿಹೋಗುತ್ತೆ. ಯಾವ ತುಂಡು ಯಾರ ಸೀರೆ ಅಂತ ಹೇಳೋಕೆ ಗೊತ್ತಿರೋರು ಮನೇಲಿ ಸಾಮಾನ್ಯವಾಗಿ ಒಬ್ಬರೇ ಉಳಿದಿರ್ತಾರೆ. ಅವರನ್ನ ಕೂರಿಸ್ಕೊಂಡು ಮೊಬೈಲಲ್ಲಿ ಮಾತು ರೆಕಾರ್ಡ್ ಮಾಡೋ ಕೆಲಸ ಬ್ರಾಕೆಟ್ ತರೋದಕ್ಕಿಂತ ಮೊದಲೇ ಆಗಲಿ.